ಮಾಸ್ಟ್ರಿಗೆ ಬೇಕಾಗಿದ್ದ ಒಂದು ಅಭಿಪ್ರಾಯ

ಮಾಸ್ಟ್ರ ಎದುರು ಯಾರಾದರೂ "ನಿಮ್ಮ ಕಥೆ ಓದಿದೆ ಸರ್" ಎಂದರೆ ಮುಗಿಯಿತು, ಅಲ್ಲೇ ಮೌಖಿಕ ಪರೀಕ್ಷೆ. ಯಾವ ಕಥೆ? ಯಾವ ಗ್ರಹ? ನೌಕೆಯಲ್ಲಿ ಯಾರ್ಯಾರು ಇದ್ದರು? ಕೊನೆಗೆ ಉಳಿದವರು ಯಾರು? ಬಸ್ ಸ್ಟ್ಯಾಂಡಿರಲಿ, ಮದುವೆ ಊಟದ ಪಂಕ್ತಿಯಿರಲಿ, ಬಿಡುತ್ತಿರಲಿಲ್ಲ. ಎದುರಿನವರು ಎರಡನೇ ಪ್ರಶ್ನೆಗೇ ಎಡವಿದರೆ, "ಹೋಗಲಿ, ಲೇಖನ ಓದಿದ್ದೀರಾ?" ಎಂದು ತಾವೇ ದಾರಿ ತೋರಿಸುತ್ತಿದ್ದರು. ಲೇಖನ ಎಂದ ಕೂಡಲೇ ಪಾಪ, ಸಿಕ್ಕಿಬಿದ್ದವರ ಮುಖ ಅರಳುತ್ತಿತ್ತು. ಲೇಖನವನ್ನು ಎಲ್ಲರೂ ಓದಿರುತ್ತಿದ್ದರು. ಮಾಸ್ಟ್ರಿಗೆ ಅದೇ ದುಃಖ.

ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಜನಪ್ರಿಯ ವಿಜ್ಞಾನ ಲೇಖಕರು ಇನ್ನಿಲ್ಲ ಎಂದು ಬಂತು. ಕಥೆಗಳ ವಿಷಯ ಕೊನೆಯ ಸಾಲಿನಲ್ಲಿ, ಸಾಬೂನಿನ ಜಾಹೀರಾತಿಗಿಂತ ಸ್ವಲ್ಪ ಮೇಲೆ. ಅವರು ನೋಡಿದ್ದರೆ ಸಂಪಾದಕರಿಗೆ ಫೋನ್ ಮಾಡಿ, ನನ್ನ ಯಾವ ಕಥೆ ಓದಿದ್ದೀರಿ ಎಂದು ಖಂಡಿತ ಕೇಳುತ್ತಿದ್ದರು.

ಮಾಸ್ಟ್ರು ಕಾರ್ಕಳದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಮನೆ ಅಲೆವೂರಿನಲ್ಲಿ. ದಿನಾ ಎರಡು ಬಸ್ಸು ಹಿಡಿದು ಹೋಗಿ ಬರುವುದು. ನಾನು ಆಗ ಕಡಿಯಾಳಿಯ ಹತ್ತಿರ ಒಂದು ಬ್ಯಾಂಕಿನಲ್ಲಿ ಗುಮಾಸ್ತ, ಜೊತೆಗೆ ಉಡುಪಿಯ ಒಂದು ಸಣ್ಣ ಓದುಗರ ಬಳಗಕ್ಕೆ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಸಭೆಗೆ ಮೊದಲು ಕುರ್ಚಿ ಹಾಕುವವ, ಸಭೆ ಮುಗಿದ ಮೇಲೆ ಕುರ್ಚಿ ತೆಗೆಯುವವ. ನಡುವೆ ವಂದನಾರ್ಪಣೆ. ಬಳಗದ ಸಭೆಗೆ ತಪ್ಪದೆ ಬರುತ್ತಿದ್ದವರೆಂದರೆ ಮಾಸ್ಟ್ರು ಒಬ್ಬರೇ, ಹಾಗಾಗಿ ಕುರ್ಚಿ ತೆಗೆಯಲು ಅವರೂ ಕೈ ಹಾಕುತ್ತಿದ್ದರು. ನಮ್ಮ ಸ್ನೇಹ ಕುರ್ಚಿಗಳಿಂದ ಬೆಳೆದದ್ದು.

ಲೇಖನಗಳ ಮಟ್ಟಿಗೆ ಅವರು ಊರಿಗೆಲ್ಲ ಬೇಕಾದವರು. ಗ್ರಹಣ ಬಂದರೆ ಮಾಸ್ಟ್ರ ಲೇಖನ, ಧೂಮಕೇತು ಬಂದರೆ ಮಾಸ್ಟ್ರ ಲೇಖನ. ಎರಡು ಸಾವಿರನೇ ಇಸವಿ ಹುಟ್ಟುವ ಗಳಿಗೆಗೆ ಲೋಕದ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ನಿಲ್ಲುತ್ತವೆ ಎಂದು ಗುಲ್ಲೆದ್ದಿತ್ತಲ್ಲ, ಆಗ ಅವರು ಬರೆದದ್ದನ್ನು ಜನ ಜೆರಾಕ್ಸ್ ಮಾಡಿಸಿ ಹಂಚಿದರು. ನಮ್ಮ ಬ್ಯಾಂಕಿನ ಮ್ಯಾನೇಜರರು ಅದನ್ನು ನೋಟಿಸ್ ಬೋರ್ಡಿಗೇ ಅಂಟಿಸಿದರು. ದೇವಸ್ಥಾನದಿಂದ ಹೊರಗೆ ಬರುತ್ತಿದ್ದ ಒಬ್ಬರು ಹೆಂಗಸು ಮಾಸ್ಟ್ರನ್ನು ದಾರಿಯಲ್ಲೇ ನಿಲ್ಲಿಸಿ, ಆ ದಿನ ಗ್ರೈಂಡರ್ ತಿರುಗುತ್ತದೋ ಇಲ್ಲವೋ, ಇಡ್ಲಿಗೆ ಮೊದಲೇ ಅರೆದಿಡಬೇಕೋ ಎಂದು ಕೇಳಿದರು. ಮಾಸ್ಟ್ರು ತಾಳ್ಮೆಯಿಂದ, ಗ್ರೈಂಡರಿಗೆ ಇಸವಿ ಗೊತ್ತಿರುವುದಿಲ್ಲ, ಧೈರ್ಯವಾಗಿ ಅರೆಯಿರಿ ಎಂದು ಹೇಳಿ ಕಳಿಸಿದರು. ಅದೇ ತಿಂಗಳು ಅದೇ ವಿಷಯದ ಮೇಲೆ ಅವರದೊಂದು ಕಥೆಯೂ ವಾರಪತ್ರಿಕೆಯಲ್ಲಿ ಬಂದಿತ್ತು. ಅದರ ಬಗ್ಗೆ ಒಂದು ನರಪಿಳ್ಳೆಯೂ ಮಾತೆತ್ತಲಿಲ್ಲ.

ಲೇಖನ ಅಷ್ಟು ಚೆಂದ ಬರೆಯುತ್ತೀರಿ, ಕಥೆಯ ಹುಚ್ಚು ಯಾಕೆ ಎಂದು ನಾನೊಮ್ಮೆ ಕೇಳಿಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ.

"ಲೇಖನದಲ್ಲಿ ನನಗೆ ಗೊತ್ತಿರುವುದನ್ನು ಹೇಳ್ತೇನೆ ಮಾರಾಯ. ಅದು ಬೇರೆಯವರಿಗೂ ಗೊತ್ತುಂಟು. ಕಥೆಯಲ್ಲಿ ನನಗೆ ಹೆದರಿಕೆ ಇರುವುದನ್ನು ಹೇಳ್ತೇನೆ. ಅದಕ್ಕೆ ಯಾರಾದರೂ ಒಬ್ಬರು ಹೌದು ಅಂತಲೋ ಅಲ್ಲ ಅಂತಲೋ ಹೇಳ್ಬೇಕಲ್ಲ?"

ಅವರಿಗೆ ಬೇಕಾದದ್ದು ಇಷ್ಟೇ: ಹೌದು ಅಂತಲೋ ಅಲ್ಲ ಅಂತಲೋ ಹೇಳುವ ಒಬ್ಬ ಓದುಗ. ಆದರೆ ಅವರು ಅಂಥವನನ್ನು ಹುಡುಕುತ್ತಿದ್ದ ಊರು ಯಾವುದು ನೋಡಿ. ನಮ್ಮಲ್ಲಿ ಯಾರೂ ಯಾರಿಗೂ ಮುಖದ ಎದುರು ಚೆನ್ನಾಗಿಲ್ಲ ಎನ್ನುವುದಿಲ್ಲ. ಸಾರು ಉಪ್ಪಾದರೂ ಲಾಯ್ಕುಂಟು. ವರ ಬೋಳಾದರೂ ಲಾಯ್ಕುಂಟು. ಪುಸ್ತಕ ಓದದಿದ್ದರಂತೂ ಇನ್ನೂ ಲಾಯ್ಕುಂಟು, ಯಾಕೆಂದರೆ ಓದಿದರೆ ಸ್ವಲ್ಪ ಅನುಮಾನವಾದರೂ ಬರಬಹುದು. ಸಭೆಯಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇವರು ನಮ್ಮ ಜಿಲ್ಲೆಯ ಹೆಮ್ಮೆ ಎಂದರೆ ಓದುಗನ ಕರ್ತವ್ಯ ಮುಗಿಯಿತು. ಮಾಸ್ಟ್ರ ಮನೆಯ ಕಪಾಟಿನಲ್ಲಿ ಅಂಥ ಶಾಲುಗಳ ರಾಶಿಯೇ ಇತ್ತು. ಅಕ್ಕ, ಎಂದರೆ ಅವರ ಹೆಂಡತಿ, ನಾನು ಕರೆಯುತ್ತಿದ್ದದ್ದು ಹಾಗೆಯೇ, ಅವುಗಳನ್ನು ಇಸ್ತ್ರಿ ಟೇಬಲ್ಲಿಗೆ ಹಾಸುತ್ತಿದ್ದರು.

ಮಾಸ್ಟ್ರು ಬಸ್ಸಿನಲ್ಲಿ ಪತ್ತೇದಾರಿಕೆಯನ್ನೂ ಮಾಡಿ ನೋಡಿದರು. ತಮ್ಮ ಕಥೆ ಬಂದ ವಾರ, ಯಾರ ಕೈಯಲ್ಲಾದರೂ ಆ ಪತ್ರಿಕೆ ಕಂಡರೆ ಸೀಟು ಬದಲಿಸಿ ಅವರ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳುವುದು. ಜನ ಧಾರಾವಾಹಿ ಓದುತ್ತಿದ್ದರು, ವಾರಭವಿಷ್ಯ ಓದುತ್ತಿದ್ದರು, ಪದಬಂಧಕ್ಕೆ ಪೆನ್ನು ಹುಡುಕುತ್ತಿದ್ದರು. ಪೆನ್ನು ಮಾಸ್ಟ್ರೇ ಕೊಡುತ್ತಿದ್ದರು. ತಮ್ಮ ಕಥೆಯ ಪುಟದಲ್ಲಿ ಕಡಲೆ ಸಿಪ್ಪೆ ಕಟ್ಟುವುದನ್ನು ಕಣ್ಣಾರೆ ಕಂಡ ದಿನ, ನೇರ ನನ್ನ ಕೌಂಟರಿಗೆ ಬಂದು ಏನೂ ಹೇಳದೆ ನಿಂತುಕೊಂಡರು. ಹಿಂದಿದ್ದವರು ಇವರದ್ದು ಡೆಪಾಸಿಟ್ಟೋ ಡ್ರಾ ಮಾಡುವುದೋ ಎಂದು ಗೊಣಗಿದರು.

ಒಮ್ಮೆ ಮಾತ್ರ ಕುಣಿಯುತ್ತ ಬಂದರು. ಪೆರ್ಡೂರಿನ ಒಬ್ಬ ಹೋಟೆಲಿನವರು ಅವರ ಕಥೆಗೆ ತಕರಾರು ತೆಗೆದಿದ್ದರಂತೆ. ಕಥೆಯಲ್ಲಿ ಅಂತರಿಕ್ಷಯಾನಿಗಳು ಮೂರು ಹೊತ್ತೂ ಗುಳಿಗೆ ನುಂಗಿ ಬದುಕುತ್ತಾರೆ. ಗುಳಿಗೆಯಲ್ಲಿ ಮನುಷ್ಯ ಎಷ್ಟು ದಿನ ಇರುತ್ತಾನೆ, ಒಂದು ತಿಳಿಸಾರಾದರೂ ಇಡಬಾರದೇ ಎಂದು ಆ ಹೋಟೆಲಿನವರು ಗಂಭೀರವಾಗಿ ಕೇಳಿದ್ದರು. "ಓದಿದ್ದಾನೆ! ಓದದೆ ಗುಳಿಗೆ ವಿಷಯ ಹೇಗೆ ಗೊತ್ತಾಯ್ತು?" ಎಂದು ಮಾಸ್ಟ್ರ ವಾದ. ಮಾರನೇ ವಾರ ಅಲ್ಲಿಗೇ ಹೋಗಿ ವಿಚಾರಿಸಿದಾಗ, ಅವರು ನೋಡಿದ್ದು ಪತ್ರಿಕೆಯಲ್ಲಿದ್ದ ಚಿತ್ರವನ್ನು ಮಾತ್ರ ಎಂದು ಗೊತ್ತಾಯಿತು. ಕಲಾವಿದ ಬಟ್ಟಲಿನಲ್ಲಿ ಎರಡು ಗುಳಿಗೆ ಬರೆದಿದ್ದ. ಆ ವಾರವಿಡೀ ಮಾಸ್ಟ್ರು ಆ ಕಲಾವಿದನನ್ನು ಬೈದರು.

ಮಾಸ್ಟ್ರು ನಿವೃತ್ತರಾದ ವರ್ಷ ಮಣಿಪಾಲದ ಕಡೆಯ ಒಬ್ಬ ಪ್ರೆಸ್ಸಿನ ಯಜಮಾನರು ಅವರ ಪುಸ್ತಕ ಮಾಡುತ್ತೇನೆಂದು ಮುಂದೆ ಬಂದರು. ಲೇಖನಗಳಾದರೆ ನಾಳೆಯೇ ಎಂದರು. ಮಾಸ್ಟ್ರು ಕಥೆಗಳೇ ಆಗಬೇಕೆಂದು ಹಟ ಹಿಡಿದರು. ಯಜಮಾನರು ತಲೆ ಕೆರೆದುಕೊಂಡು, ಹಾಗಾದರೆ ಓದುಗರ ಅಭಿಪ್ರಾಯಗಳನ್ನು ತನ್ನಿ, ಪುಸ್ತಕದ ಮೊದಲಿಗೆ ಹಾಕೋಣ, ಅದನ್ನು ನೋಡಿಯಾದರೂ ಲೈಬ್ರರಿಯವರು ತೆಗೆದುಕೊಳ್ಳಬಹುದು ಎಂದರು. ಅಭಿಪ್ರಾಯ ಸಂಗ್ರಹಿಸುವ ಕೆಲಸ ನನ್ನ ತಲೆಗೆ ಬಂತು, ಕುರ್ಚಿಗಳ ಜೊತೆಗೆ.

ನಾನು ಕಥೆಗಳನ್ನು ಜೆರಾಕ್ಸ್ ಮಾಡಿಸಿ ಬಳಗದವರಿಗೆಲ್ಲ ಕೊಟ್ಟೆ. ಬಂದ ಅಭಿಪ್ರಾಯಗಳನ್ನು ಹೇಳುತ್ತೇನೆ ಕೇಳಿ. ಒಬ್ಬ ವಕೀಲರು ಭಾಷೆ ಸುಲಲಿತವಾಗಿದೆ ಎಂದರು. ಒಬ್ಬ ನಿವೃತ್ತ ತಹಶೀಲ್ದಾರರು ಲೇಖಕರು ಇನ್ನೂ ಬರೆಯಲಿ ಎಂದು ಹರಸಿದರು. ದಂತವೈದ್ಯರೊಬ್ಬರು ವಿದ್ಯಾರ್ಥಿಗಳಿಗೆ ತುಂಬ ಉಪಯುಕ್ತ ಎಂದರು, ಯಾವ ವಿದ್ಯಾರ್ಥಿಗಳಿಗೆ ಎಂದು ಹೇಳಲಿಲ್ಲ. ಕವಯಿತ್ರಿಯೊಬ್ಬರು ಇದರಲ್ಲಿ ಪ್ರಕೃತಿ ವರ್ಣನೆ ಹೃದಯಂಗಮವಾಗಿದೆ ಎಂದು ಬರೆದರು. ಕಥೆ ನಡೆಯುವುದು ಗಾಳಿ ನೀರು ಹುಲ್ಲುಕಡ್ಡಿ ಏನೂ ಇಲ್ಲದ ಮಂಗಳ ಗ್ರಹದಲ್ಲಿ. ಮಾಸ್ಟ್ರು ಎಲ್ಲವನ್ನೂ ಒಂದೊಂದಾಗಿ ಓದಿ, ಶಾಲಾ ಪೇಪರಿನ ಹಾಗೆ ಅಂಕ ಹಾಕಿ ನನಗೆ ವಾಪಸು ಕೊಟ್ಟರು. ಒಬ್ಬರೂ ಪಾಸಾಗಿರಲಿಲ್ಲ.

"ಇದನ್ನು ಹಾಕುವುದಕ್ಕಿಂತ ಪುಸ್ತಕವೇ ಬೇಡ. ಇನ್ನು ಕಥೆ ಬರೆಯುವುದಿಲ್ಲ ನಾನು. ಲೇಖನ ಕೇಳಿದರೆ ಕೊಡ್ತೇನೆ," ಎಂದರು. ಆ ಮಾತು ನನಗೆ ನಿಜವಾಗಿ ಬೇಸರ ತಂದಿತು. ಕುರ್ಚಿ ತೆಗೆಯದೆ ಮನೆಗೆ ಹೋದದ್ದು ಅವರು ಅವತ್ತು ಮಾತ್ರ.

ಆಗ ನನಗೊಂದು ಯೋಚನೆ ಬಂತು. ನಮ್ಮ ಊರಿನವರು ಮುಖ ನೋಡಿ ಜಗಳ ಮಾಡುವುದಿಲ್ಲ ಎಂದೆನಲ್ಲ, ಅದಕ್ಕೊಂದು ವಿನಾಯಿತಿ ಉಂಟು. ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಬಿಳಿ ಪಂಚೆಯುಟ್ಟು ಎದುರುಬದುರು ಕುಳಿತು ಪಾತ್ರವಾಗಿ ವಾದ ಮಾಡುತ್ತಾರೆ. ಬೆಳಿಗ್ಗೆ ಅಂಗಡಿಯಲ್ಲಿ ಕೈಮುಗಿದು ನಗುವವರೇ ಸಂಜೆ ಕರ್ಣನಾಗಿ ಕುಳಿತರೆ, ಕೃಷ್ಣನಾದ ಪಕ್ಕದ ಮನೆಯವರ ಜನ್ಮ ಜಾಲಾಡುತ್ತಾರೆ. ಯಾರಿಗೂ ಬೇಸರವಿಲ್ಲ. ಮಾಸ್ಟ್ರ ಕಥೆಯನ್ನೇ ಪ್ರಸಂಗ ಮಾಡಿ ಒಂದು ತಾಳಮದ್ದಳೆ ಇಟ್ಟರೆ ಹೇಗೆ? ಬಳಗದ ಹಿರಿಯರು ಇದು ಕಲೆಗೆ ಅಪಚಾರ ಎಂದರು. ಮಧ್ಯಾಹ್ನ ಊಟ ಉಂಟು ಎಂದ ಮೇಲೆ ಒಪ್ಪಿದರು.

ಕಥೆ ಹೀಗೆ. ಮಂಗಳ ಗ್ರಹದ ಒಂದು ಶಿಬಿರದಲ್ಲಿ ಕೆಲವು ಮಕ್ಕಳಿದ್ದಾರೆ, ಅವರ ಅಪ್ಪ ಅಮ್ಮ ಭೂಮಿಯಲ್ಲಿ. ದಿನಾ ರಾತ್ರಿ ಒಂದು ಯಂತ್ರ ಮಕ್ಕಳಿಗೆ ಮನೆಯ ಸುದ್ದಿ ಓದಿ ಹೇಳುತ್ತದೆ. ಭೂಮಿ ನಾಶವಾಗಿ ವರ್ಷವಾದರೂ ಯಂತ್ರ ತಾನೇ ಸುದ್ದಿ ಕಟ್ಟಿ, ಎಲ್ಲ ಕ್ಷೇಮ ಎಂದು ಓದುತ್ತಲೇ ಇರುತ್ತದೆ. ಕ್ಯಾಪ್ಟನಿಗೆ ಅದು ಗೊತ್ತಾಗುತ್ತದೆ. ಸುಳ್ಳು ಹೇಳಿದ ಯಂತ್ರವನ್ನು ಅವನು ಗುಂಡಿಯೊತ್ತಿ ಆರಿಸಿ, ಸತ್ಯ ಹೇಳಲು ಮಕ್ಕಳ ಕೋಣೆಯ ಕಡೆಗೆ ನಡೆಯುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಕ್ಯಾಪ್ಟನ್ ನಾನೇ ಎಂದು ಮಾಸ್ಟ್ರು ಹೇಳಿದರು. ಯಂತ್ರದ ಪಾತ್ರವಾಗಿ ಅರ್ಥ ಹೇಳಲು ಕಾಪುವಿನ ಸಾಲಿಯಾನರನ್ನು ಒಪ್ಪಿಸಿದೆ. ಸಾಲಿಯಾನರದು ಐಸ್ ಪ್ಲಾಂಟ್, ಮೀನಿನ ಬೋಟುಗಳಿಗೆಲ್ಲ ಅವರದೇ ಐಸು. ಬಾಯಿ ಜೋರು, ಹೊಟ್ಟೆ ದೊಡ್ಡದು, ತಾಳಮದ್ದಳೆಯ ಹುಚ್ಚು ಅದಕ್ಕಿಂತ ದೊಡ್ಡದು. ರಾವಣ, ಮಾಗಧ, ಇಂಥ ಸೋಲುವ ಪಾತ್ರಗಳೇ ಅವರಿಗೆ ಇಷ್ಟ. ಗೆಲ್ಲುವವನಿಗೆ ದೇವರಿದ್ದಾನೆ, ಸೋಲುವವನಿಗೆ ಬಾಯಿ ಬೇಕು ಎನ್ನುತ್ತಿದ್ದರು. ಜೆರಾಕ್ಸ್ ಕೊಟ್ಟು ಬಂದ ಮರುದಿನವೇ ಫೋನ್ ಮಾಡಿ, ಈ ಯಂತ್ರ ಒಳ್ಳೆ ಗಟ್ಟಿ ಕುಳ ಎಂದು ನಕ್ಕರು.

ಭಾನುವಾರ ಬೆಳಿಗ್ಗೆ, ಕಾಪುವಿನ ಒಂದು ಶಾಲೆಯ ಹಾಲ್. ಭಾಗವತರು ಹೊಸದಾಗಿ ಪದ ಕಟ್ಟಿಕೊಂಡು ಬಂದಿದ್ದರು, ಆಮ್ಲಜನಕ ಎಂಬ ಶಬ್ದವನ್ನು ತಾಳಕ್ಕೆ ಕೂರಿಸಲು ಅವರು ಪಟ್ಟ ಪಾಡು ದೇವರಿಗೇ ಗೊತ್ತು. ರಾಕೆಟ್ ಇಳಿಯುವಾಗ ಚೆಂಡೆ ಎಷ್ಟು ಜೋರಾಯಿತೆಂದರೆ ಮುಂದಿನ ಸಾಲಿನ ತಹಶೀಲ್ದಾರರು ನಿದ್ದೆಯಿಂದ ಎದ್ದು ಚಪ್ಪಾಳೆ ತಟ್ಟಿದರು. ಮಾಸ್ಟ್ರು ಕ್ಯಾಪ್ಟನಾಗಿ ಚೆನ್ನಾಗಿಯೇ ಶುರು ಮಾಡಿದರು. ಸತ್ಯ, ವಿಜ್ಞಾನ, ಮನುಷ್ಯನ ಘನತೆ ಎಂದೆಲ್ಲ ಹೇಳಿದರು. ಲೇಖನದ ಹಾಗೇ ಇತ್ತು. ಜನ ತಲೆದೂಗಿದರು.

ಆಮೇಲೆ ಸಾಲಿಯಾನರು ಬಾಯಿ ಬಿಟ್ಟರು. ಮೊದಮೊದಲು ಕೀಟಲೆ. ಕ್ಯಾಪ್ಟನನ ಸಂಬಳ ಎಷ್ಟು, ಒಂದು ವರ್ಷ ಇವನ ಗಮನ ಎಲ್ಲಿತ್ತು ಎಂದೆಲ್ಲ ಕೆಣಕಿದರು. ಸಭೆ ನಕ್ಕಿತು. ಇದ್ದಕ್ಕಿದ್ದಂತೆ ದನಿ ತಗ್ಗಿಸಿದರು.

"ಕಪ್ತಾನರೇ, ಸುಳ್ಳು ಹೇಳಿದೆನೆಂದು ನನ್ನನ್ನು ಆರಿಸಲು ಬಂದಿರಿ, ಆಗಲಿ. ಗುಂಡಿ ಒತ್ತಿದ ಮೇಲೆ ಆ ಮಕ್ಕಳ ಬಳಿ ಹೋಗುತ್ತೀರಿ, ಸತ್ಯವನ್ನು ಹೇಳುತ್ತೀರಿ. ಆಮೇಲೆ? ಆ ಮಕ್ಕಳು ಏನಾದರು? ನಿಮ್ಮ ಕಥೆ ಬಾಗಿಲಿನ ಹೊರಗೇ ನಿಂತುಬಿಟ್ಟಿದೆಯಲ್ಲ! ಸತ್ಯ ಹೇಳುವ ಧೈರ್ಯ ಇದ್ದವರಿಗೆ, ಹೇಳಿದ ಮೇಲೆ ಅಲ್ಲೇ ಕುಳಿತುಕೊಳ್ಳುವ ಧೈರ್ಯ ಇಲ್ಲವೇ?"

ಭಾಗವತರು ತಾಳ ಹಿಡಿದು ಕಾದರು. ಮದ್ದಳೆಯವರು ಸುಮ್ಮನೆ ಬೆರಳಾಡಿಸಿ ಸಮಯ ತುಂಬಿದರು. ಕೊನೆಗೆ ಅಷ್ಟೂ ವರ್ಷದ ಅಭ್ಯಾಸ ಮಾಸ್ಟ್ರ ಬಾಯಿಂದ ಹೊರಗೆ ಬಂತು: "ಆ ಪ್ರಶ್ನೆ ಪಾಠದಲ್ಲಿ ಇಲ್ಲ." ಹಾಲ್ ಹಾರಿಹೋಗುವ ಹಾಗೆ ನಗು. ಮಾಸ್ಟ್ರ ಕಿವಿ ಕೆಂಪಾಗಿತ್ತು.

ತಾಳಮದ್ದಳೆಯಲ್ಲಿ ಒಂದು ಕಟ್ಟುಪಾಡು ಉಂಟು. ಯಾರು ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗದಲ್ಲಿ ಸೋಲುವವನು ಕೊನೆಗೆ ಸೋಲಲೇಬೇಕು. ಸಾಲಿಯಾನರು ಅದನ್ನು ಮೀರುವವರಲ್ಲ. ಕೈಜೋಡಿಸಿದರು. "ಒತ್ತಿ ಕಪ್ತಾನರೇ. ಪ್ರಸಂಗದಲ್ಲಿ ಹೀಗೆ ಬರೆದಿದೆ ಎಂದು ಸೋಲುತ್ತೇನೆ. ನೀವು ಗೆದ್ದಿರಿ ಎಂದಲ್ಲ."

ಮಾಸ್ಟ್ರು ಗಾಳಿಯಲ್ಲಿ ಬೆರಳು ಒತ್ತಿದರು. ಭಾಗವತರು ಮಂಗಳ ಪದ ಹಾಡಿದರು. ಬಳಗದವರು ಒಬ್ಬೊಬ್ಬರಾಗಿ ಬಂದು, ಲಾಯ್ಕಾಯ್ತು ಸರ್, ಲಾಯ್ಕಾಯ್ತು ಎಂದು ಕೈ ಕುಲುಕಿ ಊಟಕ್ಕೆ ಹೋದರು.

ಮಾಸ್ಟ್ರಿಗೆ ಅವಮಾನವಾಯಿತು, ಇನ್ನು ನನ್ನ ಮುಖ ನೋಡುವುದಿಲ್ಲ ಎಂದೇ ನಾನು ಹೆದರಿದ್ದೆ. ಬಸ್ಸಿಗೆ ಕಾಯುವಾಗ ಅವರು ಕೇಳಿದ್ದು ಒಂದೇ ಮಾತು, ಸಾಲಿಯಾನರು ಕಥೆಯನ್ನು ಎಷ್ಟು ಸಲ ಓದಿರಬಹುದು ಎಂದು. ಸಾಲಿಯಾನರೇ ನನಗೆ ಹೇಳಿದ್ದರು, ಮೂರು ಸಲ ಓದಿದರಂತೆ, ಮೂರು ಸಲವೂ ಸಿಟ್ಟು ಬಂತಂತೆ. ಅದನ್ನು ಹೇಳಿದೆ. ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ಸಂತೋಷದಲ್ಲಿ ನಾನು ಅವರನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ನಾವು ಎರಡು ಬಸ್ಸು ಬಿಟ್ಟೆವು.

ಪುಸ್ತಕ ಬಂತು. ಮೊದಲ ಪುಟದಲ್ಲಿ ಒಂದೇ ಅಭಿಪ್ರಾಯ: ಈ ಕಥೆಯ ಕ್ಯಾಪ್ಟನ್ ಮಾಡಿದ್ದು ತಪ್ಪು. ಕೆಳಗೆ, ಕಾಪುವಿನ ಒಬ್ಬ ಓದುಗ. ಪ್ರೆಸ್ಸಿನ ಯಜಮಾನರು ಕೈಕಾಲು ಹಿಡಿಯುವುದೊಂದು ಬಾಕಿ, ಇದು ಬೈಗುಳ ಸರ್, ಇದನ್ನು ಹಾಕಿದರೆ ಯಾರು ಕೊಳ್ತಾರೆ ಎಂದರು. ಯಾರೂ ಕೊಳ್ಳಲಿಲ್ಲ. ಆದರೆ ಇದನ್ನು ಹಾಕದಿದ್ದರೂ ಯಾರೂ ಕೊಳ್ಳುತ್ತಿರಲಿಲ್ಲ ಎಂದು ಮಾಸ್ಟ್ರ ತರ್ಕ, ಅದನ್ನು ಅಲ್ಲಗಳೆಯುವುದು ಕಷ್ಟ.

ಅಲ್ಲಿಂದ ಮುಂದೆ ಅವರಿಗೆ ಹಿಡಿದದ್ದು ಆ ಒಂದೇ ಪ್ರಶ್ನೆ. ಮಕ್ಕಳು ಏನಾದರು? ಪ್ರತಿ ತಿಂಗಳು ಹೊಸ ಕೊನೆ ಬರೆದುಕೊಂಡು ಕಾಪುವಿಗೆ ಹೋಗುವುದು, ಐಸ್ ಪ್ಲಾಂಟಿನ ಆಫೀಸಿನಲ್ಲಿ ಮಫ್ಲರ್ ಸುತ್ತಿ ಕುಳಿತು ಸಾಲಿಯಾನರಿಗೆ ಓದಿ ಹೇಳುವುದು, ಬೈಸಿಕೊಂಡು ಬರುವುದು. ಮಕ್ಕಳು ದೊಡ್ಡವರಾಗಿ ವಿಜ್ಞಾನಿಗಳಾದರು ಎಂದು ಒಮ್ಮೆ ಬರೆದರು. ಇದು ನಿಮ್ಮ ಲೇಖನ ಸರ್ ಎಂದರು ಸಾಲಿಯಾನರು. ಭೂಮಿ ನಾಶವಾಗಿಯೇ ಇರಲಿಲ್ಲ, ಅದು ಸುಳ್ಳು ಸುದ್ದಿ ಎಂದು ಇನ್ನೊಮ್ಮೆ ಬರೆದರು. ಇದು ಸಿನಿಮಾ ಎಂದರು. ಮಾಸ್ಟ್ರಿಗೆ ರೇಗುತ್ತಿತ್ತು, ಈ ಐಸಿನವನಿಗೆ ಎಂತ ಗೊತ್ತುಂಟು ಎಂದು ನನ್ನ ಹತ್ತಿರ ಕೂಗಾಡುತ್ತಿದ್ದರು. ಮುಂದಿನ ತಿಂಗಳು ಮತ್ತೆ ಮಫ್ಲರ್.

ಕೆಲವು ವರ್ಷಗಳ ಮೇಲೆ ಅವರಿಗೆ ಹೊಟ್ಟೆನೋವು ಶುರುವಾಯಿತು. ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದರು. ಹೊಟ್ಟೆಯಲ್ಲಿ ಗಡ್ಡೆ, ಬಹಳ ತಡವಾಗಿದೆ ಎಂದು ಡಾಕ್ಟರು ಅಕ್ಕನಿಗೆ ಹೇಳಿದರು. ಅವರಿಗೆ ಹೇಳುವುದು ಬೇಡ ಎಂದು ಮನೆಯವರೆಲ್ಲ ಸೇರಿ ನಿಶ್ಚಯ ಮಾಡಿದರು. ಅಲ್ಸರ್ ಎಂದು ಹೇಳಿದ್ದಾಯಿತು. ನೋಡಲು ಬಂದವರಿಗೆ ಅಕ್ಕ ಬಾಗಿಲಲ್ಲೇ ಪಾಠ ಹೇಳಿ ಒಳಗೆ ಬಿಡುತ್ತಿದ್ದರು. ನಮ್ಮ ಬಳಗದವರಿಗಂತೂ ಪಾಠ ಬೇಕಿರಲಿಲ್ಲ. ವಕೀಲರು, ತಹಶೀಲ್ದಾರರು, ದಂತವೈದ್ಯರು, ಎಲ್ಲರೂ ಮೂಸಂಬಿ ಹಿಡಿದುಕೊಂಡು ಬಂದು, ಎಂತದ್ದೂ ಇಲ್ಲ ಸರ್, ಮುಖದಲ್ಲಿ ಕಳೆ ಬಂದಿದೆ ಎಂದರು. ನಾನೂ ಅದನ್ನೇ ಹೇಳಿದೆ. ಮಾಸ್ಟ್ರು ನಮ್ಮನ್ನೆಲ್ಲ ಸುಮ್ಮನೆ ನೋಡುತ್ತಿದ್ದರು, ಯಾರಿಗೂ ಮರುಪ್ರಶ್ನೆ ಹಾಕಲಿಲ್ಲ. ಅಕ್ಕ ಆಗಾಗ ನೀರು ತರುತ್ತೇನೆಂದು ಹೊರಗೆ ಬಂದು, ಕಾರಿಡಾರಿನ ಬೆಂಚಿನಲ್ಲಿ ಸೆರಗು ಬಾಯಿಗಿಟ್ಟು ಅತ್ತು, ಮುಖ ತೊಳೆದು ಒಳಗೆ ಹೋಗುತ್ತಿದ್ದರು.

ಸಾಲಿಯಾನರು ಬಂದಾಗ ನಾನು ಅಲ್ಲೇ ಇದ್ದೆ. ಅಕ್ಕ ಅವರಿಗೂ ಬಾಗಿಲಲ್ಲಿ ಕೈಮುಗಿದು ಅದೇ ಪಾಠ ಹೇಳಿದರು. ಅವರು ಹೂಂ ಎಂದರು. ಯಂತ್ರದ ಪಕ್ಷ ವಹಿಸಿ ಅಷ್ಟು ವರ್ಷ ವಾದಿಸಿದವರಿಗೆ ಇದೇನು ಮಹಾ ಎಂದು ನನಗೂ ಧೈರ್ಯವಿತ್ತು.

ಮಾಸ್ಟ್ರು ಅವರನ್ನು ಕಂಡ ಕೂಡಲೇ ದಿಂಬಿಗೆ ಒರಗಿ ಕುಳಿತರು. "ಸಾಲಿಯಾನ್ರೇ, ಡಾಕ್ಟ್ರು ಎಂತ ಹೇಳಿದ್ದಂತೆ?"

ಸಾಲಿಯಾನರು ಸ್ಟೂಲು ಎಳೆದುಕೊಂಡು ಮಂಚದ ಪಕ್ಕದಲ್ಲೇ ಕುಳಿತರು. "ಅಲ್ಸರ್ ಅಲ್ಲ ಸರ್," ಎಂದರು. "ಜಾಸ್ತಿ ದಿನ ಇಲ್ಲವಂತೆ."

ಬಾಗಿಲಲ್ಲಿ ಅಕ್ಕನ ಕೈಯಿಂದ ಚೊಂಬು ಬಿತ್ತು. ನನಗೆ ಸಾಲಿಯಾನರ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು. ಮಾಸ್ಟ್ರು ಮಾತ್ರ ದೊಡ್ಡ ಉಸಿರು ಬಿಟ್ಟು, ಬಹಳ ದಿನಗಳಿಂದ ಬಿಗಿಹಿಡಿದಿದ್ದ ಹೆಗಲನ್ನು ಸಡಿಲ ಬಿಟ್ಟರು.

"ನೀವು ಸುಳ್ಳು ಹೇಳಬಹುದಿತ್ತಲ್ಲ. ಯಂತ್ರದ ಕಡೆಯವರು ನೀವು."

"ಬಾಗಿಲಿನಿಂದ ಈ ಮಂಚದವರೆಗೆ ಬರುವಾಗಲೇ ಸೋತೆ ಸರ್. ಕ್ಯಾಪ್ಟನ್ ಹೇಳಿದ್ದೇ ಸರಿ."

"ಇಲ್ಲ ಇಲ್ಲ. ಯಂತ್ರದ್ದೂ ತಪ್ಪಿಲ್ಲ. ಇವರೆಲ್ಲ ಎಷ್ಟು ಕಷ್ಟಪಟ್ಟು ಹೇಳ್ತಿದ್ದರು, ನಾನು ನೋಡಿದ್ದೇನಲ್ಲ," ಎಂದು ಮಾಸ್ಟ್ರು ವಾದ ಶುರು ಮಾಡಿಯೇ ಬಿಟ್ಟರು. ಅಷ್ಟರಲ್ಲಿ ಅಕ್ಕ ಒಳಗೆ ಬಂದರು. ಸಾಲಿಯಾನರನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮಂಚದ ತುದಿಯಲ್ಲಿ ಕುಳಿತು, ಗಂಡನ ಮೊಣಕಾಲಿನ ಮೇಲೆ ತಲೆಯಿಟ್ಟು, ಎಲ್ಲರ ಎದುರೇ ಗಟ್ಟಿಯಾಗಿ ಅತ್ತರು. ಮಾಸ್ಟ್ರ ಕಣ್ಣಿನಿಂದಲೂ ನೀರು ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಒಂದು ಕೈ ಅಕ್ಕನ ತಲೆಯ ಮೇಲಿತ್ತು.

ಮಾಸ್ಟ್ರು ಸಾಲಿಯಾನರ ಕಡೆ ತಿರುಗಿ ಹೇಳಿದರು, "ಮಕ್ಕಳು ಏನಾದರು ಅಂತ ಕೇಳಿದ್ದಿರಲ್ಲ, ನೋಡಿ. ಹೀಗೆ ಒಬ್ಬರಿಗೊಬ್ಬರು ತಾಗಿ ಕುಳಿತು ಅತ್ತರು."

ಸಾಲಿಯಾನರು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡರು.

"ಇದನ್ನು ಬರೀಬೇಕಿತ್ತು ಸರ್ ನೀವು," ಎಂದರು.